ಚಳಿಗಾಲದ ಮನೆಗೆ ಎಷ್ಟು ಬೆಂಕಿ ಬೇಕು?

ಪವಿತ್ರ ಕುರ್‌ಆನಿನಲ್ಲಿ ಬೆಂಕಿಯ ಪ್ರಸ್ತಾಪ ಬಂದಾಗ ನಮ್ಮ ಮನಸ್ಸು ಸಹಜವಾಗಿಯೇ ನರಕದ ಕಡೆಗೆ ಹರಿಯುತ್ತದೆ. ಆದರೆ ಅಲ್ ವಾಕಿಅ ಅಧ್ಯಾಯದ 71ರಿಂದ 73ರವರೆಗಿನ ಸೂಕ್ತಗಳಲ್ಲಿರುವುದು ನಾವು ದಿನವೂ ಹೊತ್ತಿಸುವ ಬೆಂಕಿ. ಅದರ ಮರವನ್ನು ಬೆಳೆಸಿದವರು ನೀವೋ, ಅಲ್ಲಾಹನೋ ಎಂಬ ಪ್ರಶ್ನೆ ಅಲ್ಲಿದೆ. ಇನ್ನು ಅನ್ನಹ್ಲ್ ಅಧ್ಯಾಯವು ಜಾನುವಾರುಗಳಲ್ಲಿ ಮನುಷ್ಯನಿಗೆ ಬೆಚ್ಚನೆಯ ಒದಗಣೆಯಿದೆಯೆಂದೂ, ಮನೆಯು ನೆಮ್ಮದಿಯ ತಾಣವೆಂದೂ, ಉಣ್ಣೆ, ತುಪ್ಪಳ, ಕೂದಲುಗಳಿಂದ ಗೃಹೋಪಯೋಗಿ ವಸ್ತುಗಳಾಗುತ್ತವೆಂದೂ ನೆನಪಿಸುತ್ತದೆ. ಅಲ್ಲಿ ಬೆಚ್ಚನೆಯ ಮಾತು ಉಣ್ಣೆಯೊಂದಿಗೆ, ಸೂರಿನೊಂದಿಗೆ ಬಂದಿದೆ, ಬೆಂಕಿಯೊಂದಿಗಲ್ಲ. ಇದನ್ನೊಂದು ಧಾರ್ಮಿಕ ವಿಧಿಯೆಂದು ನಾನು ಹೇಳುತ್ತಿಲ್ಲ. ಆದರೆ ಗೃಹವಿವೇಕವೆಂದು ನೋಡಿದರೆ ಕ್ರಮ ಸರಿಯಾಗಿದೆ: ಮೊದಲು ಮೈಗೆ ಹೊದಿಕೆ, ಆಮೇಲೆ ಗಾಳಿ ನುಗ್ಗದ ಕೋಣೆ, ಕೊನೆಗೆ ಬೆಂಕಿ. ನಾವು ಈಗ ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ.

ಕಾಶ್ಮೀರದ ಮುಸ್ಲಿಮರು ಈ ಪಾಠವನ್ನು ಶತಮಾನಗಳಿಂದ ಕಲಿತವರು. ಅಲ್ಲಿ ಡಿಸೆಂಬರ್ 21ರಂದು ‘ಚಿಲ್ಲಾಯಿ ಕಲಾನ್’ ಆರಂಭವಾಗುತ್ತದೆ. ಅಂದರೆ ನಲವತ್ತು ದಿನಗಳ ಕಡುಚಳಿ. (ತಬ್ಲೀಗ್ ಜಮಾಅತಿನವರು ಚಿಲ್ಲಾಕ್ಕೆ ಹೋಗುತ್ತಾರಲ್ಲ, ಅದೂ ಇದೇ ನಲವತ್ತು.) ಅನಂತರ ಇಪ್ಪತ್ತು ದಿನಗಳ ಸಣ್ಣ ಚಳಿ, ಕೊನೆಗೆ ಹತ್ತು ದಿನಗಳ ಮರಿಚಳಿ. ಶ್ರೀನಗರದಲ್ಲಿ ರಾತ್ರಿಯ ತಾಪಮಾನ ಶೂನ್ಯಕ್ಕಿಂತ ಐದಾರು ಡಿಗ್ರಿ ಕೆಳಗಿಳಿಯುವುದು ಆ ದಿನಗಳಲ್ಲಿ ವಿಶೇಷವೇನಲ್ಲ. ಇಂತಹ ಚಳಿಯಲ್ಲಿ ಅವರ ಮೊದಲ ಆಸರೆ ‘ಫೆರನ್’ ಎಂಬ ನೀಳವಾದ ಉಣ್ಣೆಯ ನಿಲುವಂಗಿ. ಅದರ ಒಳಗೆ ಬೆತ್ತದಂತಹ ಕಡ್ಡಿಗಳಿಂದ ಹೆಣೆದ ಬುಟ್ಟಿ, ಬುಟ್ಟಿಯಲ್ಲಿ ಮಣ್ಣಿನ ಬಟ್ಟಲು, ಬಟ್ಟಲಲ್ಲಿ ಬೂದಿ ಮುಚ್ಚಿದ ಒಂದೆರಡು ಹಿಡಿ ಇದ್ದಿಲು. ಇದೇ ಕಾಂಗಡಿ. ಕೋಣೆಯನ್ನು ಕಾಯಿಸುವ ಬದಲು ಮನುಷ್ಯನನ್ನೇ ಕಾಯಿಸುವುದು ಅದರ ಜಾಣತನ. ನೂರು ಘನ ಅಡಿ ಗಾಳಿಯನ್ನು ಬಿಸಿಮಾಡಿ ಅದು ಬಾಗಿಲ ಸಂದಿಯಿಂದ ಓಡಿಹೋಗುವುದನ್ನು ನೋಡುತ್ತ ಕುಳಿತುಕೊಳ್ಳುವ ಪ್ರಮೇಯವಿಲ್ಲ.

ಆದರೆ ಕಾಂಗಡಿಯನ್ನು ಹೊಗಳಿ ಬಿಟ್ಟುಬಿಡುವುದು ಪ್ರಾಮಾಣಿಕತೆಯಲ್ಲ. ಹೊಟ್ಟೆ ಮತ್ತು ತೊಡೆಗಳ ಚರ್ಮ ವರ್ಷಾನುಗಟ್ಟಲೆ ಕೆಂಡದ ಕಾವಿಗೆ ಒಡ್ಡಿಕೊಂಡರೆ ಅಲ್ಲಿ ಕ್ಯಾನ್ಸರ್ ಬೆಳೆಯುತ್ತದೆಂಬುದನ್ನು ಶ್ರೀನಗರದಲ್ಲಿದ್ದ ಮಿಷನರಿ ವೈದ್ಯ ಎಲ್ಮ್ಸ್‌ಲಿ 1866ರಲ್ಲೇ ಬರೆದಿದ್ದರು. ‘ಕಾಂಗಡಿ ಕ್ಯಾನ್ಸರ್’ ಎಂಬ ಹೆಸರು ವೈದ್ಯಕೀಯ ಗ್ರಂಥಗಳಲ್ಲಿ ಇಂದಿಗೂ ಇದೆ.

ಅಲ್ಲಿನ ಮಸೀದಿಗಳ ಹಮಾಮ್ ಇನ್ನೊಂದು ಬಗೆಯದು. ಕಲ್ಲುಚಪ್ಪಡಿಯ ನೆಲ, ಅದರ ಕೆಳಗೆ ಪೊಳ್ಳು ಜಾಗ. ಹೊರಗಿನಿಂದ ಸೌದೆ ಹಾಕಿ ಉರಿಸಿದರೆ ಬೆಂಕಿಯೂ ಹೊಗೆಯೂ ನೆಲದಡಿಯಲ್ಲಿ ಹಾದು ಹೊಗೆಗೂಡಿನಿಂದ ಹೊರಹೋಗುತ್ತವೆ. ಅದೇ ಬೆಂಕಿ ತಾಮ್ರದ ಪಾತ್ರೆಯ ನೀರನ್ನು ವುಝೂಗಾಗಿ ಕಾಯಿಸುತ್ತದೆ. ಕಲ್ಲು ಕುಡಿದ ಬಿಸಿಯನ್ನು ಗಂಟೆಗಟ್ಟಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ವೃದ್ಧರು ಫಜ್ರ್ ಮುಗಿಸಿ ಅಲ್ಲಿಯೇ ಕುಳಿತಿರುತ್ತಾರೆ. ಹೊಗೆ ಇರುವುದು ಒಂದು ಕಡೆ, ಮನುಷ್ಯರಿರುವುದು ಇನ್ನೊಂದು ಕಡೆ ಎಂಬುದೇ ಇದರಲ್ಲಿ ನನಗೆ ಹಿಡಿಸಿದ ಸಂಗತಿ. ಹಮಾಮ್ ಸೌದೆಯನ್ನು ಬಹಳವಾಗಿ ನುಂಗುತ್ತದೆಂಬುದೂ ನಿಜ. ಒಂದು ಮೊಹಲ್ಲಾದ ಜನರೆಲ್ಲ ಹಂಚಿಕೊಂಡಾಗ ಅದಕ್ಕೊಂದು ಅರ್ಥವಿದೆ. ನಾಲ್ಕು ಜನರ ಮನೆಯಲ್ಲಿ ಪ್ರತಿಷ್ಠೆಗಾಗಿ ಕಟ್ಟಿಸಿದಾಗ ಅದು ದುಂದುವೆಚ್ಚದ ಸಾಲಿಗೆ ಸೇರುತ್ತದೆ.

ನಮ್ಮ ಮಲೆನಾಡು, ಕೊಡಗು, ಬೀದರ್‌ಗಳ ಚಳಿ ಕಾಶ್ಮೀರದ ಚಳಿಯ ಮುಂದೆ ಏನೂ ಅಲ್ಲ. ಆದ್ದರಿಂದಲೇ ನಾವು ಅಸಡ್ಡೆಯಿಂದಿದ್ದೇವೆ. ಅವರ ಹಮಾಮಿಗೆ ಹೊಗೆಗೂಡಿದೆ. ನಮ್ಮವರು ಒಂದು ಹಳೆಯ ಬಾಣಲೆಯಲ್ಲಿ ಕೆಂಡ ತುಂಬಿ ಮಲಗುವ ಕೋಣೆಗೆ ತಂದಿಟ್ಟು, ಬಾಗಿಲು ಮುಚ್ಚಿ, ಕಿಟಕಿಯ ಸಂದಿಗೆ ಬಟ್ಟೆ ತುರುಕಿ ಮಲಗುತ್ತಾರೆ. ಬೆಳಿಗ್ಗೆ ಕೆಲವರು ಏಳುವುದಿಲ್ಲ. ಗಲ್ಫ್ ದೇಶಗಳಲ್ಲಿ ದುಡಿಯುವ ನಮ್ಮ ಮಕ್ಕಳ ವಿಷಯದಲ್ಲಿಯೂ ಇದೇ ಭಯ. ಮರುಭೂಮಿಯ ಚಳಿಗಾಲದ ರಾತ್ರಿ, ಡೇರೆಯಲ್ಲೋ ಇಕ್ಕಟ್ಟಾದ ಕೋಣೆಯಲ್ಲೋ ಇದ್ದಿಲು ಉರಿಸಿ ಮಲಗಬೇಡಿರೆಂದು ಅಲ್ಲಿನ ನಾಗರಿಕ ರಕ್ಷಣಾ ಇಲಾಖೆಗಳು ಪ್ರತಿವರ್ಷ ಎಚ್ಚರಿಸುತ್ತಲೇ ಇವೆ.

ಇದ್ದಿಲಿನಿಂದ ಹೊಗೆ ಬರುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆಯೇ ಇಲ್ಲಿ ಕೊಲೆಗಾರ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಆಮ್ಲಜನಕಕ್ಕೆ ಅಂಟಿಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವನಿಗೆ ಅದೂ ತಿಳಿಯುವುದಿಲ್ಲ. ಗಾಳಿಯಾಡದ ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿಸಿದಾಗಲೂ ಆಗುವುದು ಇದೇ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಅದರಲ್ಲಿದ್ದವರ ಸಮೇತ ಸುಟ್ಟುಹೋದ ಸುದ್ದಿ ತಿಳಿದಾಗ, ಬೆಂಕಿಯು ನಿಮ್ಮ ಶತ್ರು, ಮಲಗುವಾಗ ಅದನ್ನು ನಂದಿಸಿರಿ ಎಂಬರ್ಥದ ಆದೇಶವನ್ನು ಪ್ರವಾದಿ(ಸ)ರು ನೀಡಿದರೆಂದು ಅಬೂ ಮೂಸಾ ಅಲ್ ಅಶ್‌ಅರಿ(ರ)ಯವರ ವರದಿ ಬುಖಾರಿ ಮತ್ತು ಮುಸ್ಲಿಂ ಗ್ರಂಥಗಳಲ್ಲಿದೆ. ಈ ಹದೀಸನ್ನು ಮಕ್ಕಳಿಗೆ ಕಂಠಪಾಠ ಮಾಡಿಸುವ ನಾವು, ಅದು ನಮ್ಮ ಮಲಗುವ ಕೋಣೆಯ ಕೆಂಡಕ್ಕೂ ಅನ್ವಯಿಸುತ್ತದೆಂದು ಹೇಳಿಕೊಡುತ್ತಿದ್ದೇವೆಯೇ?

ಹಾಗಾದರೆ ಮನೆಯನ್ನು ಬೆಚ್ಚಗಿಡುವುದು ಹೇಗೆ? ಹಳೆಯ ಮಲೆನಾಡಿನ ಮನೆಗಳಲ್ಲಿ ಹೆಂಚಿನ ಕೆಳಗೆ ಮರದ ಮುಚ್ಚಿಗೆ, ಅದರ ಮೇಲೆ ಮಣ್ಣು, ಮೇಲೆ ಅಟ್ಟ ಇರುತ್ತಿತ್ತು. ಕೋಣೆಯ ಬಿಸಿಗಾಳಿ ಮೇಲೇರಿ ಹೆಂಚಿನ ಸಂದಿಯಿಂದ ಹಾರಿಹೋಗದಂತೆ ತಡೆಯುತ್ತಿದ್ದುದು ಈ ಮುಚ್ಚಿಗೆಯೇ. ಈಗ ನಾವು ಗಲ್ಫಿನ ಹಣದಲ್ಲಿ ಎತ್ತರದ ತಾರಸಿ, ವಿಶಾಲವಾದ ಹಾಲ್, ಟೈಲ್ಸ್ ನೆಲ ಮಾಡಿಸಿ, ಡಿಸೆಂಬರ್ ಬಂತೆಂದರೆ ಮೂರು ಕೋಣೆಗಳಿಗೆ ಮೂರು ಹೀಟರ್ ಕೊಳ್ಳುತ್ತೇವೆ. ಅಂಗಡಿಯವರು ‘ಕರೆಂಟ್ ಉಳಿಸುವ ಹೀಟರ್’ ಎಂದು ಮಾರುವುದುಂಟು. ತಂತಿ ಕಾಯಿಸುವ ಯಾವ ಹೀಟರಾದರೂ ಕುಡಿದ ವಿದ್ಯುತ್ತನ್ನಷ್ಟೇ ಬಿಸಿಯಾಗಿ ಕೊಡಬಲ್ಲದು. 2000 ವಾಟ್‌ನದು ಒಂದು ಗಂಟೆ ಉರಿದರೆ 2 ಯೂನಿಟ್, ಅದರ ಬೆಲೆ ಎಷ್ಟೇ ಇರಲಿ. ಬಿಸಿಗಾಳಿಯನ್ನೂ ಕೊಡುವ ಬಗೆಯ ಏಸಿ ಮಾತ್ರ ಇದಕ್ಕೆ ಹೊರತು. ಅದು ಹೊರಗಿನ ಗಾಳಿಯ ಬಿಸಿಯನ್ನು ಒಳಗೆ ತರುವುದರಿಂದ ಒಂದು ಯೂನಿಟ್‌ಗೆ ಸುಮಾರು ಮೂರರಷ್ಟು ಕಾವು ಸಿಗುತ್ತದೆ.

ಸುಮ್ಮನೆ ಕುಳಿತಿರುವ ಒಬ್ಬ ಮನುಷ್ಯನ ದೇಹ ಸುಮಾರು 100 ವಾಟ್ ಬಿಸಿಯನ್ನು ಹೊರಸೂಸುತ್ತದೆ. ಐವರು ಒಂದು ಸಣ್ಣ ಕೋಣೆಯಲ್ಲಿ ಕುಳಿತರೆ ಅದೇ ಒಂದು ಚಿಕ್ಕ ಹೀಟರ್. ಇಶಾದ ನಂತರ ಅಪ್ಪ ಒಂದು ಕೋಣೆಯಲ್ಲಿ, ಮಗ ಮೊಬೈಲಿನೊಂದಿಗೆ ಇನ್ನೊಂದರಲ್ಲಿ, ಅಜ್ಜಿ ಒಬ್ಬಳೇ ಮೂಲೆಯ ಕೋಣೆಯಲ್ಲಿ. ಈ ಏರ್ಪಾಡಿಗೆ ಎಷ್ಟು ಕರೆಂಟ್ ಸಾಕಾದೀತು? ಚಾಪೆಯ ಕೆಳಗೆ ದಪ್ಪ ಕಂಬಳಿ, ಬಾಗಿಲ ಕೆಳಗಿನ ಸಂದಿಗೆ ಸುತ್ತಿದ ಗೋಣಿ, ಕಿಟಕಿಗೆ ನೆಲ ಮುಟ್ಟುವ ಪರದೆ ಇಷ್ಟು ಮಾಡಿದರೆ ನಮ್ಮ ಚಳಿಗೆ ಹೆಚ್ಚಿನ ಮನೆಗಳಲ್ಲಿ ಬೆಂಕಿಯೇ ಬೇಕಾಗದು. (ಒಳಗೆ ಏನನ್ನಾದರೂ ಉರಿಸುವವರು ಸಂದಿ ಮುಚ್ಚಬಾರದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.) ಚಳಿಗಾಲದಲ್ಲಿ ನಮ್ಮ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಗಲು ದಕ್ಷಿಣದ ಕಿಟಕಿ ತೆರೆದು ಅಸರ್ ಹೊತ್ತಿಗೆ ಮುಚ್ಚುವುದಕ್ಕೆ ಖರ್ಚಿಲ್ಲ. ಲಡಾಖ್‌ನ ಫೇ ಗ್ರಾಮದ ಸೆಕ್ಮೋಲ್ ಶಾಲೆಯ ಮಣ್ಣಿನ ಕಟ್ಟಡಗಳು ಈ ಒಂದು ತತ್ವದ ಮೇಲೆಯೇ ಕಡುಚಳಿಯನ್ನು ಎದುರಿಸುತ್ತಿವೆ.

ನಮ್ಮಲ್ಲಿ ನಿಜವಾಗಿ ಸೌದೆ ಸುಡುವುದು ಸ್ನಾನದ ಮತ್ತು ವುಝೂವಿನ ನೀರಿಗೆ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಬೇಕಾದುದು ಸುಮಾರು ಅರ್ಧ ಯೂನಿಟ್ ಶಕ್ತಿ. ಬಾಯ್ದೆರೆದ ಬಚ್ಚಲ ಒಲೆಯಲ್ಲಿ ಇದಕ್ಕೆ ಒಂದು ಕಿಲೋ ಸೌದೆಯಾದರೂ ಬೇಕು. ಹಸಿ ಸೌದೆಯಾದರೆ ಅದರೊಳಗಿನ ನೀರನ್ನು ಆವಿ ಮಾಡಲಿಕ್ಕೇ ಬೆಂಕಿಯ ಒಂದು ಪಾಲು ಮುಗಿಯುತ್ತದೆ, ಉಳಿದುದು ಊದುವ ಹೆಂಗಸಿನ ಕಣ್ಣಿಗೆ, ಎದೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಹೊಗೆಗೊಳವೆಯೊಂದಿಗೆ, ಕಡಿಮೆ ಸೌದೆಯಲ್ಲಿ ಇದೇ ಕೆಲಸ ಮಾಡುತ್ತದೆ. ನಾಲ್ಕು ದಶಕಗಳಾದರೂ ಎಷ್ಟೋ ಮನೆಗಳಿಗೆ ಅದು ತಲುಪಿಲ್ಲ. ಗಂಡಸರು ಒಲೆ ಊದುವಂತಿದ್ದರೆ ಎಂದೋ ತಲುಪುತ್ತಿತ್ತು.

ತಣ್ಣೀರಿನಲ್ಲಿ ವುಝೂ ಮಾಡಿದರೆ ಪುಣ್ಯ ಹೆಚ್ಚು, ಮಸೀದಿಗೆ ಬಿಸಿನೀರು ಯಾಕೆ ಎನ್ನುವ ಹಿರಿಯರಿದ್ದಾರೆ. ಕಷ್ಟದ ಸ್ಥಿತಿಯಲ್ಲಿಯೂ ವುಝೂವನ್ನು ಪೂರ್ಣವಾಗಿ ಮಾಡುವುದಕ್ಕೆ ಪ್ರತಿಫಲವಿದೆ, ಸತ್ಯ. ಆದರೆ ಬಂದ ಕಷ್ಟವನ್ನು ಸಹಿಸುವುದು ಬೇರೆ, ಕಷ್ಟವನ್ನು ಹುಡುಕಿ ಇತರರ ಮೇಲೆ ಹೇರುವುದು ಬೇರೆ. ಕೊರೆಯುವ ರಾತ್ರಿಯಲ್ಲಿ ಸ್ನಾನ ಮಾಡಿದರೆ ಪ್ರಾಣಕ್ಕೆ ಅಪಾಯವೆಂದು ಹೆದರಿ ಅಮ್ರ್ ಬಿನ್ ಆಸ್(ರ) ತಯಮ್ಮುಮ್ ಮಾಡಿ ನಮಾಝಿಗೆ ನೇತೃತ್ವ ನೀಡಿದ ಘಟನೆಯನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಅವರ ವಿವರಣೆಯನ್ನು ಕೇಳಿ ಪ್ರವಾದಿ(ಸ)ರು ಮುಗುಳ್ನಕ್ಕರು, ಆಕ್ಷೇಪಿಸಲಿಲ್ಲ. ವಸತಿ ಮದ್ರಸಗಳ ಹತ್ತು ವರ್ಷದ ಹುಡುಗರು ಫಜ್ರ್‌ಗೆ ಎದ್ದು ನಡುಗುತ್ತ ಅರ್ಧ ತೋಳನ್ನಷ್ಟೇ ತೊಳೆದು ಓಡುವುದನ್ನು ನಾನು ಪ್ರತಿ ಜನವರಿಯಲ್ಲಿ ನೋಡುತ್ತೇನೆ. ಮಸೀದಿಯ ತಾರಸಿಯ ಮೇಲೊಂದು ಸೋಲಾರ್ ಹೀಟರ್ ಕೂರಿಸಿದರೆ ಸಂಜೆ ಕಾದ ನೀರು ಮುಂಜಾನೆಯವರೆಗೂ ಬೆಚ್ಚಗಿರುತ್ತದೆ. ಒಂದೇ ಷರತ್ತು: ಕೊಳವೆಯಲ್ಲಿ ನಿಂತ ತಣ್ಣೀರು ಬಿಸಿನೀರಿಗಿಂತ ಮೊದಲು ಬರುತ್ತದೆ, ಅದನ್ನು ಚರಂಡಿಗೆ ಬಿಡದೆ ಬಕೆಟ್ಟಿನಲ್ಲಿ ಹಿಡಿಯಬೇಕು.

ಕೊನೆಯದಾಗಿ ಕಾಫಿ ತೋಟಗಳ ಲೈನ್ ಮನೆಗಳ ವಿಷಯ. ಅಸ್ಸಾಮಿನಿಂದ ದುಡಿಯಲು ಬಂದ ಕುಟುಂಬಗಳು, ಅವರಲ್ಲಿ ನಮ್ಮ ಸಫ್‌ಗಳಲ್ಲಿ ಜುಮಾ ನಮಾಝಿಗೆ ನಿಲ್ಲುವವರೂ ಇದ್ದಾರೆ, ಒಂದೇ ಕಿಟಕಿಯ ಕೋಣೆಯಲ್ಲಿ ಅಡುಗೆಯ ಕೆಂಡವನ್ನೇ ಸುತ್ತುವರಿದು ಮಲಗುತ್ತಾರೆ. ನಮ್ಮ ಜಮಾಅತ್‌ಗಳು ಪ್ರತಿ ಡಿಸೆಂಬರಿನಲ್ಲಿ ಕಂಬಳಿ ಹಂಚಿ ಫೋಟೋ ತೆಗೆಸಿಕೊಳ್ಳುತ್ತವೆ. ಕಂಬಳಿ ಬೇಕು, ಆದರೆ ಅಷ್ಟು ಸಾಲದು. ಈ ವರ್ಷ ನವೆಂಬರ್ ಮುಗಿಯುವುದರೊಳಗೆ ಇಬ್ಬರು ಯುವಕರು ಆ ಕೋಣೆಗಳಿಗೆ ಹೋಗಿ, ಮಾಲಕರ ಒಪ್ಪಿಗೆ ಪಡೆದು, ಒಲೆಗೊಂದು ಹೊಗೆಗೊಳವೆ ಹಾಕಿಸಿ, ಮಲಗುವ ಮುನ್ನ ಕೆಂಡವನ್ನು ಹೊರಗಿಟ್ಟು ಬರಬೇಕೆಂದು ಅವರ ಭಾಷೆಯಲ್ಲೇ ತಿಳಿಸಿ ಬರಲಿ. ಕಂಬಳಿಯನ್ನು ಆ ದಿನವೇ ಕೊಡಬಹುದು.