ಕವಿಗೆ ದಕ್ಕದ ‘ಲಾಭ’

ಗುಲಾಮರು ಕಲಿತ ಕಸುಬುಗಳಿಂದ ಕೆಲವೊಮ್ಮೆ ಅವರಿಗೇ ಲಾಭವಾಗುತ್ತಿತ್ತು ಎಂದು ಮಕ್ಕಳಿಗೆ ಕಲಿಸಬೇಕಂತೆ! ಅಮೆರಿಕದ ಫ್ಲಾರಿಡಾ ರಾಜ್ಯ 2023ರ ಜುಲೈಯಲ್ಲಿ ಒಪ್ಪಿದ ಇತಿಹಾಸದ ಪಠ್ಯಕ್ರಮದಲ್ಲಿ ಈ ಅರ್ಥದ ಮಾತಿದೆ. ಟೀಕೆ ಬಂದಾಗ ಗವರ್ನರ್ ರಾನ್ ಡಿಸ್ಯಾಂಟಿಸ್ ಕಮ್ಮಾರಿಕೆಯ ಉದಾಹರಣೆ ಕೊಟ್ಟರು. ಅವರು ಓದಬೇಕಾದ ಮಕ್ಕಳ ಚಿತ್ರಪುಸ್ತಕವೊಂದಿದೆ: ಡಾನ್ ಟೇಟ್ ಬರೆದು ಚಿತ್ರವನ್ನೂ ಬಿಡಿಸಿದ, 2015ರಲ್ಲಿ ಪ್ರಕಟವಾದ ‘ಪೊಯೆಟ್’.

ಅದು ಉತ್ತರ ಕೆರೊಲಿನಾದ ಗುಲಾಮ ಜಾರ್ಜ್ ಮೋಸೆಸ್ ಹಾರ್ಟನ್‌ನ ಕಥೆ. ಹರಿದ ಕಾಗುಣಿತದ ಪುಸ್ತಕ ಹಿಡಿದು ತಾನೇ ಓದಲು ಕಲಿತವನು. ಚಾಪೆಲ್ ಹಿಲ್‌ಗೆ ನಡೆದುಹೋಗಿ ಹಣ್ಣು ಮಾರುತ್ತಿದ್ದವನಿಗೆ ಅಲ್ಲಿನ ವಿಶ್ವವಿದ್ಯಾಲಯದ ಹುಡುಗರೇ ಗಿರಾಕಿಗಳಾದರು. ಬರೆಯಲು ಬಾರದು, ನೇಗಿಲ ಹಿಂದೆ ನಡೆಯುತ್ತ ಮನಸ್ಸಿನಲ್ಲೇ ಕಟ್ಟಿದ ಪ್ರೇಮಗೀತೆಯನ್ನು ಅವನು ಹೇಳುವುದು, ಅವರು ಬರೆದುಕೊಳ್ಳುವುದು. ದರ 25 ಸೆಂಟಿನಿಂದ ಮೇಲೆ. ಮುಂದೆ ಆ ದುಡ್ಡಿನಲ್ಲೇ ಒಡೆಯನಿಗೆ ದಿನದ ಲೆಕ್ಕದಲ್ಲಿ ಬಾಡಿಗೆ ಕಟ್ಟಿ, ತನ್ನದೇ ದಿನಗಳನ್ನು ಕೊಳ್ಳತೊಡಗಿದ. ಬಿಡುಗಡೆಗೆ ಹಣ ಕೂಡಿಸಲೆಂದು 1829ರಲ್ಲಿ ‘ದಿ ಹೋಪ್ ಆಫ್ ಲಿಬರ್ಟಿ’ ಸಂಕಲನ ಅಚ್ಚಾಯಿತು. ಹಣ ಸಾಲಲಿಲ್ಲ, ಒಡೆಯ ಬಿಡಲೂ ಇಲ್ಲ. ಹಾರ್ಟನ್ ಸ್ವತಂತ್ರನಾದದ್ದು 1865ರಲ್ಲಿ, ಅರವತ್ತು ದಾಟಿದ ಮೇಲೆ, ಅಂತರ್ಯುದ್ಧದ ಕೊನೆಗೆ ಉತ್ತರದ ಸೈನ್ಯ ಬಂದಾಗ.

ಕಸುಬಿತ್ತು, ಗಿರಾಕಿಗಳಿದ್ದರು, ಹೆಸರೂ ಬಂದಿತ್ತು. ಆದರೂ ತನ್ನ ಮೈಮೇಲೆ ತನಗೆ ಹಕ್ಕಿರಲಿಲ್ಲ. ಸಂಕಲನ ಬಂದ ಮರುವರ್ಷ, 1830ರಲ್ಲಿ, ಗುಲಾಮರಿಗೆ ಓದುಬರಹ ಕಲಿಸುವುದನ್ನೇ ಉತ್ತರ ಕೆರೊಲಿನಾ ಅಪರಾಧವೆಂದು ಸಾರಿತು. ಗುಲಾಮರ ವಿದ್ಯೆ ಅವರಿಗೆ ಲಾಭ ತಂದರೆ ಒಡೆಯರ ಕಣ್ಣು ಕೆಂಪಾಗುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಎಳೆಯ ಮಕ್ಕಳಿಗೆ ಈ ನೋವೆಲ್ಲ ಏಕೆ ಎನ್ನುವವರಿದ್ದಾರೆ. ನೋವನ್ನು ಮರೆಮಾಚಿದರೆ ಏನಾಗುತ್ತದೆಂದು 2016ರಲ್ಲೇ ಕಂಡಿದೆ. ಜಾರ್ಜ್ ವಾಷಿಂಗ್ಟನ್‌ನ ಹುಟ್ಟುಹಬ್ಬಕ್ಕೆ ಅವನ ಗುಲಾಮ, ಅಡುಗೆಯ ಹರ್ಕ್ಯುಲಿಸ್, ನಗುನಗುತ್ತ ಕೇಕ್ ಮಾಡುವ ಚಿತ್ರಪುಸ್ತಕವನ್ನು ಸ್ಕೊಲಾಸ್ಟಿಕ್ ಪ್ರಕಾಶನ ಹೊರತಂದಿತು. ಛೀಮಾರಿ ಬಿದ್ದು ಅದೇ ಜನವರಿಯಲ್ಲಿ ಹಿಂದಕ್ಕೆ ಪಡೆಯಿತು. ನಿಜದಲ್ಲಿ ಹರ್ಕ್ಯುಲಿಸ್ 1797ರಲ್ಲಿ ಓಡಿಹೋದ, ಅದೂ ವಾಷಿಂಗ್ಟನ್‌ನ 65ನೇ ಹುಟ್ಟುಹಬ್ಬದಂದೇ. ಅಷ್ಟು ಖುಷಿಯಾಗಿದ್ದವನು ಓಡಿದ್ದೇಕೆ ಎಂದು ಮಗು ಕೇಳದೇ ಇರುತ್ತದೆಯೇ?

ಟೇಟ್ ಅವರ ಪುಸ್ತಕಕ್ಕೆ ಆ ಪ್ರಶ್ನೆಯ ಅಂಜಿಕೆಯಿಲ್ಲ. ಫ್ಲಾರಿಡಾ ಆ ಮಾತನ್ನು ಪಠ್ಯಕ್ರಮದಿಂದ ತೆಗೆಯಲಿ. ತೆಗೆಯುವುದಿಲ್ಲವೆಂದರೆ, ಅದನ್ನು ಬೋಧಿಸುವ ದಿನವೇ ಹಾರ್ಟನ್‌ನ ಕಥೆಯನ್ನೂ ಓದಿಸಲಿ. ಲಾಭ ಯಾರದು ಎಂಬ ಲೆಕ್ಕವನ್ನು ಮಕ್ಕಳೇ ಹಾಕಿಕೊಳ್ಳುತ್ತಾರೆ.