ಪ್ಲಗ್ ಕಿತ್ತು ನೋಡಿ

ಫಸ್ಟ್ ಇಯರ್ ಮುಗಿದ ರಜೆಯಲ್ಲಿ ನಾವು ನಾಲ್ಕು ಜನ ಸೇರಿ ಖಾನಾಪುರ ತಾಲೂಕಿನ ಜಾಂಬೋಟಿ ಕಡೆ ಒಂದು ಹಳ್ಳಿಯಲ್ಲಿ ಮಳೆ ಅಳೆಯುವ ಪೆಟ್ಟಿಗೆ ಇಟ್ಟು ಬಂದಿದ್ದೆವು. ನಮ್ಮಲ್ಲೊಬ್ಬನ ಕಾಕಾನ ಹಿಟ್ಟಿನ ಗಿರಣಿ ಅಲ್ಲಿದೆ. ಗಿರಣಿಯೊಳಗೆ ಬೋರ್ಡು, ಹಿತ್ತಲಲ್ಲಿ ಸೆನ್ಸರು, ನಡುವೆ 12 ಮೀಟರ್ ವೈರು. ಬೆಳಗಾವಿಯ ಹಾಸ್ಟೆಲ್ ಟೇಬಲ್ ಮೇಲೆ ಎಲ್ಲಾ ಮಸ್ತ್ ಓಡಿತ್ತು. ಮೂರು ವಾರ ಬಿಟ್ಟು ಹೋಗಿ ನೋಡಿದರೆ ಬೋರ್ಡು ಬೂಟೇ ಆಗುತ್ತಿಲ್ಲ.

"ಏನ್ರಪಾ, ಮಳಿ ಎಷ್ಟ್ ಆತು?" ಅಂತ ಕಾಕಾ ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಆ ಭಾಗದ ಮಳೆ ಸುಮ್ಮನೆ ಮಳೆಯಲ್ಲ. ಮಲಪ್ರಭೆ ಹುಟ್ಟುವುದು ಅದೇ ತಾಲೂಕಿನ ಕಣಕುಂಬಿಯಲ್ಲಿ. ನೀರು ಖಾನಾಪುರ ದಾಟಿ ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮಿಗೆ ಹೋಗುತ್ತದೆ. 2019ರ ಆಗಸ್ಟ್ ನೆರೆ ಏನು ಮಾಡಿತು ಅಂತ ಈ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಮೇಲೆ ಮಳೆ ಜೋರಾದ ದಿನವೇ ಕೆಳಗಿನವರಿಗೆ ಲೆಕ್ಕ ಬೇಕು. ಆದರೆ ಮಳೆ ಜೋರಾದ ದಿನವೇ ಕರೆಂಟೂ ಹೋಗುತ್ತದೆ. ನಮ್ಮ ಪೆಟ್ಟಿಗೆ ಬೇಕಾದ ದಿನವೇ ಸತ್ತಿತ್ತು.

ತಪ್ಪು ಪೂರ್ತಿ ನಮ್ಮದೇ. ಬೋರ್ಡ್ ಆರಿಸುವಾಗ ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು ಅಂತ ಎರಡು ದಿನ ಜಗಳ ಆಡಿದ್ದೆವು. ಡೇಟಾ ಎಲ್ಲಿ ಕೂರುತ್ತದೆ, ಯಾವ ವೈರಿನಲ್ಲಿ ಬರುತ್ತದೆ ಅಂತ ಯಾರೂ ಕೇಳಲಿಲ್ಲ. ಕಾರ್ಡನ್ನು ಯಾರದೋ ಹಳೇ ಫೋನಿನಿಂದ ಕಿತ್ತು ಹಾಕಿದ್ದೆವು.

ಎಸ್‌ಡಿ ಕಾರ್ಡ್ ಒಳಗಿರುವುದು ಫ್ಲ್ಯಾಶ್. ಅದರಲ್ಲಿ ಒಂದು ಸಾಲು ತಿದ್ದಬೇಕೆಂದರೂ ಕಾರ್ಡಿನ ಕಂಟ್ರೋಲರ್ ದೊಡ್ಡ ದೊಡ್ಡ ಬ್ಲಾಕುಗಳ ಲೆಕ್ಕದಲ್ಲಿ ಅಳಿಸಿ, ಬೇರೆ ಕಡೆ ಬರೆದು, ಯಾವುದು ಎಲ್ಲಿದೆ ಅನ್ನುವ ತನ್ನ ಪಟ್ಟಿಯನ್ನೂ ತಿದ್ದಿಕೊಳ್ಳುತ್ತದೆ. ಆ ನಡುವೆ ಕರೆಂಟ್ ಹೋದರೆ ಹೊಸ ಸಾಲಷ್ಟೇ ಅಲ್ಲ, ಸಂಬಂಧವೇ ಇಲ್ಲದ ಹಳೇ ಫೈಲೂ ಹಾಳಾಗಬಹುದು. ನಾವು 15 ನಿಮಿಷಕ್ಕೊಂದು ಸಾಲು ಬರೆಯುತ್ತಿದ್ದೆವು. (ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಕಳಿಸುತ್ತವೆ, ಅದನ್ನೇ ಕಾಪಿ ಹೊಡೆದೆವು.) ಆದರೆ ನಾವು ಸುಮ್ಮನಿದ್ದರೂ ಲಿನಕ್ಸ್ ತನ್ನ ಲಾಗುಗಳನ್ನು ಅದೇ ಕಾರ್ಡಿಗೆ ಬರೆಯುತ್ತಲೇ ಇರುತ್ತದೆ.

ಬೀಗಲ್‌ಬೋನ್ ಬ್ಲ್ಯಾಕ್ ಥರ ಇಎಂಎಂಸಿ ಬೆಸುಗೆ ಹಾಕಿರುವ ಬೋರ್ಡ್ ತಗೊಂಡಿದ್ದರೆ ಕಾರ್ಡ್ ಸಡಿಲಾಗುವ ತಲೆನೋವು ತಪ್ಪುತ್ತಿತ್ತು. ಆದರೆ ಅದೂ ಫ್ಲ್ಯಾಶೇ. ನಮಗೆ ಬೇಕಿದ್ದದ್ದು ಎಫ್‌ರ‍್ಯಾಮ್ ಅನ್ನುವ ಸಣ್ಣ ಚಿಪ್ಪು. ಅಳಿಸುವ ಕೆಲಸವಿಲ್ಲ, ಬೈಟ್ ಬರೆದ ಕೂಡಲೇ ಕೂರುತ್ತದೆ, ಲಕ್ಷ ಕೋಟಿ ಸಲ ಬರೆದರೂ ತಾಳುತ್ತದೆ. ಸಲಕ್ಕೆ 8 ಬೈಟ್ ಅಂದರೆ ದಿನಕ್ಕೆ 768 ಬೈಟ್. 32 ಕೆಬಿ ಚಿಪ್ಪಿನಲ್ಲಿ 42 ದಿನದ ಮಳೆ ಹಿಡಿಸುತ್ತದೆ. ಇಷ್ಟು ಸಣ್ಣ ಗುಣಾಕಾರ ಮೊದಲೇ ಮಾಡಲಿಲ್ಲವಲ್ಲ ಅಂತ ಈಗಲೂ ನಾಚಿಕೆ.

ವೈರಿನ ಕಥೆಯೂ ಹೀಗೇ. ತೇವಾಂಶದ ಸೆನ್ಸರನ್ನು ಐ2ಸಿಯಲ್ಲಿ ಜೋಡಿಸಿದ್ದೆವು. ಫಿಲಿಪ್ಸ್ ಕಂಪನಿ ಅದನ್ನು 1982ರಲ್ಲಿ ಮಾಡಿದ್ದು ಒಂದೇ ಬೋರ್ಡಿನ ಮೇಲಿನ ಚಿಪ್ಪುಗಳು ಮಾತಾಡಲಿ ಅಂತ, ಗಿರಣಿಯಿಂದ ಹಿತ್ತಲಿಗಲ್ಲ. ಬಸ್ಸಿನ ಕೆಪ್ಯಾಸಿಟೆನ್ಸ್ 400 ಪಿಕೋಫ್ಯಾರಡ್ ದಾಟಬಾರದು. ಕೇಬಲ್ಲಿಗೆ ಮೀಟರಿಗೆ 50 ಹಿಡಿದರೂ ನಮ್ಮದು 600. ಅಲ್ಲಿ ಆರ್‌ಎಸ್-485 ಹಾಕಬೇಕಿತ್ತು, ವೇಗ ಕಡಿಮೆ ಇಟ್ಟರೆ 1,200 ಮೀಟರ್ ತನಕ ಎಳೆಯಬಹುದು.

ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಕೆದಕಿದಾಗ ಒಂಬತ್ತು ದಿನದ ಡೇಟಾ ಸಿಕ್ಕಿತು, ಆದರೆ ಟೈಮೇ ತಪ್ಪು! ರಾಸ್ಪ್‌ಬೆರಿ ಪೈನಲ್ಲಿ 5ನೇ ಮಾಡೆಲ್ ಬರುವವರೆಗೂ ಸ್ವಂತ ಗಡಿಯಾರದ ಚಿಪ್ಪೇ ಇರಲಿಲ್ಲ. ನೆಟ್ ಇಲ್ಲದೆ ಎದ್ದರೆ, ಕೊನೆಗೆ ಉಳಿಸಿಟ್ಟ ಹೊತ್ತಿನಿಂದಲೇ ಎಣಿಸುತ್ತಾ ಹೋಗುತ್ತದೆ. ನಮ್ಮನ್ನು ಕಾಪಾಡಿದ್ದು ಗೋಡೆಯ ಕ್ಯಾಲೆಂಡರ್. ಕರೆಂಟ್ ಹೋದರೆ ಗಿರಣಿ ನಿಲ್ಲುತ್ತದೆ, ಅದಕ್ಕೇ ಕಾಕಾ ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ಅದನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಸಾಲು ಸರಿ ಮಾಡಿದೆವು.

"ಕ್ಲೌಡ್‌ಗೆ ಕಳಿಸಿದ್ರೆ ಮುಗೀತಲ್ಲ" ಅಂತ ಸೀನಿಯರ್ಸ್ ಹೇಳುತ್ತಾರೆ. ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರೂ ಹೋಗುತ್ತದೆ, ಸ್ವಾಮಿ. ನೆಟ್ ಬರುವ ತನಕ ಡೇಟಾ ಎಲ್ಲಾದರೂ ಕೂರಲೇಬೇಕು. ಯುಪಿಎಸ್ ಹಾಕಿ ಅಂದರೆ ಒಪ್ಪುತ್ತೇವೆ, ಆದರೆ ಮೂರು ದಿನ ಕರೆಂಟ್ ಇಲ್ಲದ ಊರಿಗೆ ಎಷ್ಟು ದೊಡ್ಡದು ಹಾಕೋಣ?

ನಮ್ಮ ತಕರಾರು ಡೆಮೋ ದಿನದ ಬಗ್ಗೆ. ಸ್ಕ್ರೀನ್ ಮೇಲೆ ಗ್ರಾಫ್ ಹಸಿರು ಬಣ್ಣದಲ್ಲಿ ಕುಣಿದರೆ ಮಾರ್ಕ್ಸ್ ಬೀಳುತ್ತದೆ. ನಮಗೂ ಬಿದ್ದಿತ್ತು, ಅದೂ ಚೆನ್ನಾಗೇ, ಪೆಟ್ಟಿಗೆ ಖಾನಾಪುರ ಕಾಣುವ ಮೊದಲು. ಇನ್ನು ಮೇಲೆ ಹಾರ್ಡ್‌ವೇರ್ ಪ್ರಾಜೆಕ್ಟ್ ಯಾವುದೇ ಇರಲಿ, ಡೆಮೋ ನಡುವೆ ಹೇಳದೆ ಕೇಳದೆ ಹತ್ತು ಸಲ ಪ್ಲಗ್ ಕೀಳಿ. ಹಾಕಿದ ಮೇಲೆ ಬೋರ್ಡ್ ಎದ್ದು, ಹಿಂದಿನ ಸಾಲುಗಳು ಅಲ್ಲೇ ಇದ್ದರೆ ಮಾತ್ರ ಮುಂದಿನ ಪ್ರಶ್ನೆ ಕೇಳಿ. ಇದಕ್ಕೆ ಸಿಲಬಸ್ ಬದಲಾಗಬೇಕಿಲ್ಲ, ಸರ್ ಒಬ್ಬರು ಸ್ವಿಚ್ ಹತ್ತಿರ ನಿಂತರೆ ಸಾಕು.

ಜೂನ್‌ನಲ್ಲಿ ಮತ್ತೆ ಜಾಂಬೋಟಿ ಕಡೆ ಹೋಗುತ್ತಿದ್ದೇವೆ. ಹೊಸ ಪೆಟ್ಟಿಗೆಯ ಪ್ಲಗ್ಗನ್ನು ಇಲ್ಲಿಯವರೆಗೆ 63 ಸಲ ಕಿತ್ತಿದ್ದೇವೆ. ಎರಡು ಸಲ ಎದ್ದೇಳಲಿಲ್ಲ, ಯಾಕೆ ಅಂತ ಇನ್ನೂ ಹುಡುಕುತ್ತಿದ್ದೇವೆ. ಸಂಜೆ ಐದರ ಮೇಲೆ ಲ್ಯಾಬಿನಲ್ಲೇ ಇರುತ್ತೇವೆ, ಬಂದರೆ ನೀವೂ ಒಂದು ಸಲ ಕೀಳಬಹುದು.