ನೆನಪೋಲೆಗಳ ಸುಗ್ಗಿ

ಅಫಜಲಪುರ ತಾಲೂಕಿನ ಯಾವುದಾದರೊಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯಗುರುಗಳ ಮೊಬೈಲನ್ನು ಮಹಾನವಮಿಯ ಆಸುಪಾಸಿನಲ್ಲಿ ಒಂದು ವಾರ ಗಮನಿಸಿದರೆ ಸಾಕು, ನಮ್ಮ ಶಿಕ್ಷಣ ಇಲಾಖೆ ಶಾಲೆಯನ್ನು ಏನೆಂದು ತಿಳಿದುಕೊಂಡಿದೆ ಎಂಬುದು ಗೊತ್ತಾಗಿಬಿಡುತ್ತದೆ. ಮೊಟ್ಟೆ ತಿಂದ ಮಕ್ಕಳೆಷ್ಟು, ಬಾಳೆಹಣ್ಣು ತಿಂದವರೆಷ್ಟು? ಶೂ, ಸಾಕ್ಸು ಹಂಚಿದ ವರದಿ ಯಾಕೆ ಬಂದಿಲ್ಲ? ಸಂಕಲನಾತ್ಮಕ ಮೌಲ್ಯಮಾಪನದ ಅಂಕಗಳನ್ನು ಸ್ಯಾಟ್ಸ್‌ಗೆ ಏರಿಸಿದ್ದೀರಾ? ಪ್ರತಿಭಾ ಕಾರಂಜಿಗೆ ಹೆಸರು ಕೊಟ್ಟವರ ಯಾದಿ ಕಳಿಸಿ. ಗಾಂಧಿ ಜಯಂತಿಯ ಫೋಟೋ, ವಾಲ್ಮೀಕಿ ಜಯಂತಿಯ ಫೋಟೋ, ಕೈ ತೊಳೆಯುವ ದಿನದ ಫೋಟೋ ಕಳಿಸಿ. ಎಲ್ಲದರ ತಲೆಯ ಮೇಲೂ 'ಅತೀ ಜರೂರು' ಎಂಬ ಪಟ್ಟಿ. ಎಲ್ಲದರ ಬುಡದಲ್ಲೂ ಒಂದೇ ವಾಕ್ಯ: 'ತಪ್ಪಿದಲ್ಲಿ ಮುಖ್ಯಗುರುಗಳನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು.'

ಬೆಂಗಳೂರಿನ ಆಯುಕ್ತರ ಕಚೇರಿಯಿಂದ ಹೊರಟ ಸುತ್ತೋಲೆ ಕಲಬುರಗಿಯ ಅಪರ ಆಯುಕ್ತರಿಗೆ, ಅಲ್ಲಿಂದ ಉಪನಿರ್ದೇಶಕರಿಗೆ, ಅಲ್ಲಿಂದ ಬಿಇಓ ಸಾಹೇಬರಿಗೆ, ಅಲ್ಲಿಂದ ಸಿಆರ್‌ಪಿಗೆ, ಕೊನೆಗೆ ಶಾಲೆಗೆ ಬರುತ್ತದೆ. ಪ್ರತಿ ಮೆಟ್ಟಿಲಲ್ಲೂ ಗಡುವು ಒಂದಿಷ್ಟು ಕಡಿಮೆಯಾಗುತ್ತದೆ. ಮೇಲಿನವರು ಶುಕ್ರವಾರದೊಳಗೆ ಕೇಳಿದ್ದನ್ನು ನಡುವಿನವರು ಬುಧವಾರದೊಳಗೆ ಕೇಳುತ್ತಾರೆ. ಕೆಳಗಿನವರಿಗೆ ಅದು 'ಇಂದು ಮಧ್ಯಾಹ್ನ 3 ಗಂಟೆಯೊಳಗೆ' ಆಗಿರುತ್ತದೆ. ಮೂರು ಗಂಟೆಗೆ ಫೋನು: "ಸರ್, ನಿಮ್ಮದೊಂದೇ ಶಾಲಿದು ಉಳದದ, ಲಗೂನ ಕಳಸ್ರಿ." ಆ ಮಾತು ಎಲ್ಲ ಶಾಲೆಗಳಿಗೂ ಹೋಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಮುಖ್ಯಗುರುಗಳು ಸುಣ್ಣದಕಡ್ಡಿ ಕೆಳಗಿಟ್ಟು ನೆಟ್‌ವರ್ಕ್ ಹುಡುಕಿಕೊಂಡು ಅಂಗಳಕ್ಕೆ ಬರುತ್ತಾರೆ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗುಮಾಸ್ತರ ಹುದ್ದೆ ಇಲ್ಲ. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಅಂಗಳಕ್ಕೆ ಬಂದರೆಂದರೆ ಅರ್ಧ ಶಾಲೆ ಬಂದಾದಂತೆ.

ಈ ವಾರವಾರದ ತಾಕೀದಿಗೆ ಇಲಾಖೆಯ ಕನ್ನಡದಲ್ಲಿ 'ನೆನಪೋಲೆ' ಎಂಬ ಚೆಂದದ ಹೆಸರಿದೆ. ನಮ್ಮ ಉರ್ದು ದಫ್ತರುಗಳಲ್ಲಿ ಇದನ್ನೇ 'ಯಾದ್‌ದಿಹಾನಿ' ಎನ್ನುತ್ತಿದ್ದರು, ಅಂದರೆ ನೆನಪು ಮಾಡಿಕೊಡುವುದು. ನಿಜಾಮರ ಕಾಲದ ದರ್ಬಾರಿ ಭಾಷೆ ಹೋಗಿ ಎಷ್ಟೋ ವರ್ಷಗಳಾದವು, ಆದರೆ ತಾಕೀದು, ಜರೂರು, ಯಾದಿ, ದಾಖಲಾತಿ ಎಲ್ಲ ನಮ್ಮ ಕಚೇರಿಗಳಲ್ಲಿ ಕನ್ನಡದ ಮೈಯೊಳಗೆ ಆರಾಮಾಗಿ ಕುಳಿತಿವೆ. ಶಬ್ದಗಳು ಉಳಿದುದಕ್ಕೆ ನಮಗೆ ಸಂತೋಷವೇ. ಆದರೆ ಆ ದರ್ಬಾರಿನ ಮನೋಭಾವವೂ ಜೊತೆಯಲ್ಲೇ ಉಳಿದುಕೊಂಡಿದೆಯಲ್ಲ, ಅದರ ಬಗ್ಗೆ ನಮ್ಮ ತಕರಾರು. ಯಾರು ಯಾರಿಗೆ ಏನನ್ನು ನೆನಪು ಮಾಡಿಕೊಡುತ್ತಿದ್ದಾರೆ? ಮೇಲಿನವರು ಕೆಳಗಿನವರಿಗೆ, ಮೇಲಿನವರಿಗೆ ಬೇಕಾದುದನ್ನು. ಶಾಲೆಗೆ ಬೇಕಾದುದನ್ನು ಮೇಲಿನವರಿಗೆ ನೆನಪಿಸುವ ಓಲೆ ಎಲ್ಲಿದೆ?

ಇದನ್ನು ಈ ಕಾಲದಲ್ಲಿಯೇ ಕೇಳುವುದಕ್ಕೆ ಕಾರಣವಿದೆ. ಮಹಾನವಮಿಯಿಂದ ಎಳ್ಳಮಾಸಿಯವರೆಗಿನ ತಿಂಗಳುಗಳು ಈ ಸೀಮೆಯ ಶಾಲೆಗಳಿಗೆ ಅತ್ಯಂತ ಕಠಿಣವಾದವು. ಹಿಂಗಾರಿ ಜೋಳದ ಬಿತ್ತನೆ ಆಗ ನಡೆಯುತ್ತದೆ. ತೊಗರಿ ಹೂವಿಗೆ ಬರುತ್ತದೆ. ಹತ್ತಿ ಬಿಡಿಸುವುದಕ್ಕೆ ಸಣ್ಣ ಕೈಗಳೇ ಬೇಕೆನ್ನುವವರಿದ್ದಾರೆ. ಭೀಮೆಯ ದಂಡೆಯಲ್ಲಿ ಕಬ್ಬು ಕಡಿಯುವ ಹಂಗಾಮು ಶುರುವಾಗುತ್ತದೆ. ತಾಂಡಾಗಳಿಂದ, ದಲಿತ ಕೇರಿಗಳಿಂದ, ನಮ್ಮ ಮುಸಲ್ಮಾನ ಓಣಿಗಳಿಂದ ಪುಣೆಗೆ, ಮುಂಬಯಿಗೆ, ಹೈದರಾಬಾದಿಗೆ ಜನ ಗಂಟುಮೂಟೆ ಕಟ್ಟುತ್ತಾರೆ. ದೊಡ್ಡವರು ಹೋದರೆ ಮನೆಯಲ್ಲಿ ಅಡಿಗೆ ಮಾಡುವವರಿಲ್ಲ, ಆದ್ದರಿಂದ ಮಕ್ಕಳೂ ಹೋಗುತ್ತಾರೆ. ಐದನೆಯ ಇಯತ್ತೆಯ ಹುಡುಗಿ ಬಂದು, "ಸರ್, ನಾಳಿಂದ ನಾ ಬರಲ್ರಿ, ಪುಣಾಕ್ ಹೊಂಟೀವ್ರಿ" ಎಂದು ಹೇಳುವ ಹೊತ್ತಿಗೆ ಸರಿಯಾಗಿ ಮೊಬೈಲು ಕೂಗುತ್ತದೆ. ಸರ್ ಮೊಬೈಲು ನೋಡಬೇಕೋ ಹುಡುಗಿಯ ಮುಖ ನೋಡಬೇಕೋ? ಹುಡುಗಿಯ ಮನೆಗೆ ಆ ಸಂಜೆಯೇ ಹೋಗಿ, ಅಜ್ಜಿಯ ಹತ್ತಿರ ಬಿಟ್ಟು ಹೋಗಿರಿ ಎಂದು ಅಪ್ಪನಿಗೆ ಕೈಮುಗಿದು ಹೇಳಿದರೆ ಅವಳು ಉಳಿಯಬಹುದು. ಅಂಥ ಶಿಕ್ಷಕರು ಈಗಲೂ ಇದ್ದಾರೆ. ಆದರೆ ಮನೆಗೆ ಹೋಗಿ ಬಂದದ್ದಕ್ಕೆ ಯಾವ ತಂತ್ರಾಂಶದಲ್ಲೂ ಕಾಲಂ ಇಲ್ಲ. ಮೊಟ್ಟೆಯ ಲೆಕ್ಕ ತಪ್ಪಿದರೆ ನೋಟಿಸು ಬರುತ್ತದೆ, ಹುಡುಗಿ ತಪ್ಪಿಹೋದರೆ ಹಾಜರಿಯಲ್ಲಿ ಒಂದು ಗೀಟು ಬೀಳುತ್ತದೆ, ಅಷ್ಟೇ.

ಮೊಟ್ಟೆಯ ಲೆಕ್ಕ ಬೇಡವೆಂದು ನಾವು ಹೇಳುತ್ತಿಲ್ಲ. 2021ರ ಡಿಸೆಂಬರಿನಲ್ಲಿ ಕಲಬುರಗಿ ಸಹಿತ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ಅದನ್ನು ವಿರೋಧಿಸಿದವರ ಎದುರು ನಿಂತವರಲ್ಲಿ ನಾವೂ ಇದ್ದೆವು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರೂ ದಿನ ಮೊಟ್ಟೆ ಸಿಗುವಂತಾದದ್ದು ದೊಡ್ಡ ಮಾತು. ಲೆಕ್ಕ ಬೇಕು, ಖಂಡಿತ ಬೇಕು. ಆದರೆ ಒಂದೇ ಲೆಕ್ಕವನ್ನು ತಂತ್ರಾಂಶದಲ್ಲಿ ಒಮ್ಮೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಮ್ಮೆ, ಕಾಗದದಲ್ಲಿ ಸಹಿ ಮತ್ತು ಸಿಕ್ಕಾ ಹಾಕಿ ಇನ್ನೊಮ್ಮೆ ಯಾಕೆ ಕೇಳುತ್ತೀರಿ? ಒಂದು ಕಚೇರಿಗೆ ಕೊಟ್ಟದ್ದನ್ನು ಪಕ್ಕದ ಮೇಜಿನವರು ಓದಿಕೊಳ್ಳಲಾರರೆ?

'ಅಪಾರ್' ಕಥೆ ಕೇಳಿ. ಪ್ರತಿ ವಿದ್ಯಾರ್ಥಿಗೂ ದೇಶಕ್ಕೆಲ್ಲ ಒಂದೇ ಗುರುತಿನ ಸಂಖ್ಯೆ ಕೊಡುವ ಈ ಯೋಜನೆಗೆ ಪಾಲಕರ ಒಪ್ಪಿಗೆ ಬೇಕು, ಇದು ಐಚ್ಛಿಕ ಎಂದು ಕೇಂದ್ರದವರೇ ಹೇಳಿದ್ದಾರೆ. ಆದರೆ ಐಚ್ಛಿಕ ಎಂಬ ಶಬ್ದ ಭೀಮೆ ದಾಟಿ ಬರುವ ಹೊತ್ತಿಗೆ 'ಶೇಕಡಾ 100 ಸಾಧಿಸತಕ್ಕದ್ದು' ಎಂದಾಗಿರುತ್ತದೆ. ಸಂಖ್ಯೆ ಹುಟ್ಟಬೇಕಾದರೆ ಶಾಲೆಯ ದಾಖಲೆಯ ಹೆಸರೂ ಆಧಾರ್ ಕಾರ್ಡಿನ ಹೆಸರೂ ಕೂಡಬೇಕು. ನಮ್ಮ ಮಕ್ಕಳ ಹೆಸರುಗಳ ಗತಿ ಏನೆಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೇ ಹುಡುಗ ಶಾಲೆಯ ರಜಿಸ್ಟರಿನಲ್ಲಿ ಮಹಮ್ಮದ, ಆಧಾರಿನಲ್ಲಿ ಎಂ.ಡಿ., ಪಡಿತರ ಚೀಟಿಯಲ್ಲಿ ಮೊಹಮ್ಮದ್. ಹುಡುಗಿಯ ಹೆಸರಿನ ಕೊನೆಗೆ ಒಂದು ಕಡೆ ಬೀ, ಒಂದು ಕಡೆ ಬೇಗಂ. ಮುಲ್ಲಾ, ನದಾಫ, ಬಾಗವಾನ ಎಂಬ ಅಡ್ಡಹೆಸರು ಒಂದರಲ್ಲಿ ಉಂಟು, ಒಂದರಲ್ಲಿ ಇಲ್ಲ. ತಾಂಡಾದ ಮಕ್ಕಳ ಕಷ್ಟವೂ ಇದೇ. ಉರ್ದುವಿನಲ್ಲಿ ಕೇಳಿ ಕನ್ನಡದಲ್ಲಿ ಬರೆದು ಇಂಗ್ಲಿಷಿನಲ್ಲಿ ಟೈಪು ಮಾಡಿದ ಹೆಸರು ಎಲ್ಲೆಡೆ ಒಂದೇ ಆಗಿರಬೇಕೆಂದರೆ ಹೇಗೆ? ಪ್ರತಿ ವಾರ ನೆನಪೋಲೆ ಬರುತ್ತದೆ, 'ನಿಮ್ಮ ಶಾಲೆಯಲ್ಲಿ ಇಷ್ಟು ಬಾಕಿ.' ಮುಖ್ಯಗುರುಗಳು ಪಾಲಕರನ್ನು ಕರೆಸುತ್ತಾರೆ. ತಂದೆ ಒಂದು ದಿನದ ಕೂಲಿ ಬಿಟ್ಟು ಮಗನನ್ನು ಕಟ್ಟಿಕೊಂಡು ಅಫಜಲಪುರದ ಆಧಾರ್ ಕೇಂದ್ರಕ್ಕೆ ಹೋದರೆ, ಸರದಿ ಬರುವ ಹೊತ್ತಿಗೆ ಸರ್ವರ್ ಇಲ್ಲ. ಮರುದಿನ ಬಾ. ಹೀಗೆ ಹುಡುಗ ಶಾಲೆಗೆ ಹೋಗುತ್ತಿದ್ದಾನೆ ಎಂಬುದನ್ನು ಸಾಬೀತು ಮಾಡಲಿಕ್ಕೆ ಶಾಲೆ ತಪ್ಪಿಸುತ್ತಾನೆ!

ಈಗ ನಮಗೇ ಇರಿಸುಮುರಿಸಾಗುವ ವಿಷಯಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಆ ಸಮೀಕ್ಷೆ ಬೇಕು ಎಂದವರು ನಾವು. ನಮ್ಮ ಸಮುದಾಯದ ಹಿಂದುಳಿದಿರುವಿಕೆಯನ್ನು ಯಾರೂ ನಂಬದಿದ್ದಾಗ 2006ರ ಸಾಚಾರ್ ವರದಿಯ ಅಂಕಿಗಳೇ ನಮ್ಮ ಪರವಾಗಿ ಮಾತಾಡಿದವು. ಎಣಿಕೆಯಾಗದವರಿಗೆ ಪಾಲು ಸಿಗುವುದಿಲ್ಲ ಎಂಬುದು ನಮಗೆ ಚೆನ್ನಾಗಿ ಗೊತ್ತು. ಆದರೆ ಎಣಿಸಲು ಹೊರಟವರು ಯಾರು? ಬಹುಪಾಲು ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರು. 60 ಪ್ರಶ್ನೆಗಳು, ತೆರೆಯದ ಆ್ಯಪ್, ಸಿಗದ ಮನೆ. ಅದೇ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟು ಭೀಮೆ ಉಕ್ಕಿ, ಅಫಜಲಪುರ, ಜೇವರ್ಗಿ ಸೀಮೆಯ ದಂಡೆಯ ಊರುಗಳು ನೀರಿಗೆ ಸಿಕ್ಕಿದವು. ದಸರಾ ರಜೆಯಲ್ಲಿ ಮುಗಿಯಬೇಕಿದ್ದ ಸಮೀಕ್ಷೆ ಮುಗಿಯಲಿಲ್ಲ. ಅಕ್ಟೋಬರ್ 8ರಿಂದ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮತ್ತೆ ರಜೆ ಘೋಷಣೆಯಾಯಿತು. ಖಾಸಗಿ ಶಾಲೆಗಳ ಗಂಟೆ ಎಂದಿನಂತೆ ಬಾರಿಸಿತು.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಯಾರು ಹಿಂದುಳಿದಿದ್ದಾರೆ ಎಂದು ತಿಳಿಯುವುದಕ್ಕಾಗಿ ಹಿಂದುಳಿದವರ ಮಕ್ಕಳು ಓದುವ ಶಾಲೆಯನ್ನೇ ಮುಚ್ಚಲಾಯಿತು. ಉಳ್ಳವರ ಮಕ್ಕಳ ಒಂದು ದಿನದ ಪಾಠವೂ ಹೋಗಲಿಲ್ಲ. ನೆರೆಯಲ್ಲಿ ಜೋಳದ ಹಗೇವು, ಬೆಳೆ ಕಳೆದುಕೊಂಡ ಮನೆಯ ಮಗುವಿಗೆ ಆ ಹತ್ತು ದಿನ ಶಾಲೆಯ ಪಾಠವೂ ಇಲ್ಲ, ಬಿಸಿಯೂಟವೂ ಇಲ್ಲ. ಹೋದ ಪಾಠವನ್ನು ವಿಶೇಷ ತರಗತಿಗಳಲ್ಲಿ ತುಂಬಿಕೊಡಲಾಗುವುದು ಎಂದು ಸರ್ಕಾರ ಹೇಳಿತು. ಹತ್ತಿ ಬಿಡಿಸಲು ಹೋದ ಮಗುವಿಗೆ ವಿಶೇಷ ತರಗತಿ ಯಾವ ಹೊಲದಲ್ಲಿ ನಡೆಯಿತು?

ಕಾನೂನು ಇದಕ್ಕೆ ಒಪ್ಪುತ್ತದೆಯೇ? 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಸೆಕ್ಷನ್ನು ಸ್ಪಷ್ಟವಾಗಿದೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಶೈಕ್ಷಣಿಕವಲ್ಲದ ಯಾವ ಕೆಲಸಕ್ಕೂ ಶಿಕ್ಷಕರನ್ನು ಹಚ್ಚುವಂತಿಲ್ಲ. ರಾಜ್ಯದ ಸಮೀಕ್ಷೆ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಯಾರಾದರೂ ತಿಳಿಸಿಕೊಡಲಿ. ಚುನಾವಣೆಯ ವಿಷಯದಲ್ಲೂ ಸುಪ್ರೀಂ ಕೋರ್ಟು 2007ರ ಡಿಸೆಂಬರಿನಲ್ಲಿ, ಶಿಕ್ಷಕರನ್ನು ಮತದಾರರ ಪಟ್ಟಿಯಂಥ ಕೆಲಸಕ್ಕೆ ರಜಾದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಮಾತ್ರ ಬಳಸಬೇಕೆಂದು ಹೇಳಿದೆ. ಅದೇ ಕಾಯಿದೆಯ ಪರಿಶಿಷ್ಟದಲ್ಲಿ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠವಾಗಬೇಕೆಂದಿದೆ. ದಿನಗಳನ್ನು ಎಣಿಸಿ ಮೇಲಕ್ಕೆ ಕಳಿಸುವುದು ಸುಲಭ. ನೆನಪೋಲೆಗೆ ಉತ್ತರ ಬರೆಯುತ್ತ ಕಳೆದ ಹೊತ್ತನ್ನು ಆ 800 ಗಂಟೆಗಳಿಂದ ಕಳೆದು ತೋರಿಸುವ ಧೈರ್ಯ ಯಾವ ಕಚೇರಿಗಿದೆ?

ನಮ್ಮ ಈ ಮಾತಿಗೆ ಬರುವ ಎದುರುಮಾತು ನಮಗೆ ಗೊತ್ತು. ಮಾಸ್ತರರು ಕೈತುಂಬ ಸಂಬಳ ತೆಗೆದುಕೊಳ್ಳುತ್ತಾರೆ, ಕಲಬುರಗಿಯಲ್ಲಿ ಮನೆ ಮಾಡಿಕೊಂಡು ಬಸ್ಸಿಗೆ ಬಂದು ಬಸ್ಸಿಗೆ ಹೋಗುತ್ತಾರೆ, ಬೆನ್ನಿಗೆ ಬಿದ್ದು ಕೇಳದಿದ್ದರೆ ಇದನ್ನೂ ಮಾಡಲಿಕ್ಕಿಲ್ಲ ಎಂದು. ಅಂಥವರು ಇಲ್ಲವೆಂದು ನಾವು ಆಣೆ ಮಾಡುವುದಿಲ್ಲ. ಆದರೆ ಗಮನಿಸಿ, ಅಂಥ ಮಾಸ್ತರರಿಗೆ ಈ ವ್ಯವಸ್ಥೆ ಬಹಳ ಅನುಕೂಲಕರ. ಫೋಟೋ ಕಳಿಸಿದರೆ ಕಾರ್ಯಕ್ರಮ ನಡೆದಂತೆ, ಅಂಕ ಏರಿಸಿದರೆ ಪಾಠ ಆದಂತೆ. ಕೆಲಸಗಳ್ಳನಿಗೆ ನೆನಪೋಲೆ ಒಂದು ಛತ್ರಿ. ಒದ್ದಾಡುವುದು, ನಲಿ-ಕಲಿ ತಟ್ಟೆಗಳನ್ನು ಹರಡಿಕೊಂಡು ಮೂರು ತರಗತಿಯ ಮಕ್ಕಳ ನಡುವೆ ನೆಲದ ಮೇಲೆ ಕುಳಿತಿರುವ ಶಿಕ್ಷಕಿ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇಕಡಾ 91.12 ಪಡೆದು ಮೊದಲಾದರೆ ನಮ್ಮ ಕಲಬುರಗಿ ಶೇಕಡಾ 42.43ರೊಂದಿಗೆ ಕೊನೆಯಾಯಿತು. ವರದಿ ತರಿಸಿಕೊಳ್ಳುವುದರಿಂದ ಮಕ್ಕಳು ಕಲಿಯುವಂತಿದ್ದರೆ ಇಷ್ಟೊಂದು ವರದಿ ಕೊಟ್ಟ ಜಿಲ್ಲೆ ಹೀಗೆ ಕೊನೆಯಲ್ಲಿರಬೇಕಾಗಿತ್ತೆ? ಆ ಮಕ್ಕಳು ಹತ್ತನೆಯ ತರಗತಿಯಲ್ಲಿ ನಪಾಸಾದವರಲ್ಲ, ಮೂರನೆಯ ತರಗತಿಯಲ್ಲಿ ಓದಲು ಬಾರದೆ ಮುಂದೆ ಹೋದವರು.

ಶಿಕ್ಷಕರ ಸಂಘಗಳಿಗೂ ಒಂದು ಮಾತು. ವರ್ಗಾವಣೆ, ವೇತನ, ಪಿಂಚಣಿಗೆ ಬೀದಿಗಿಳಿಯುವ ನೀವು ಪಾಠದ ಹೊತ್ತು ಕಳವಾದುದಕ್ಕೆ ಒಂದು ದಿನವಾದರೂ ಅಷ್ಟೇ ಜೋರಾಗಿ ಕೂಗಿದ್ದೀರಾ? ಸಮೀಕ್ಷೆಯ ಗೌರವಧನ ಎಷ್ಟು, ಯಾವಾಗ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರಾಚೆಗೂ ಪ್ರಶ್ನೆಗಳಿದ್ದವು.

ಬೇರೆ ದೇಶಗಳಲ್ಲಿ ಕಾಗದಪತ್ರ ಇಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ 2003ರಲ್ಲಿ ಸರ್ಕಾರ, ಶಾಲಾಡಳಿತಗಳು ಮತ್ತು ಬಹುತೇಕ ಶಿಕ್ಷಕ ಸಂಘಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಹಣ ವಸೂಲಿ, ರಾಶಿ ರಾಶಿ ಜೆರಾಕ್ಸು, ಗೋಡೆಗೆ ಚಿತ್ರ ಅಂಟಿಸುವುದು ಮುಂತಾಗಿ ಇಪ್ಪತ್ತಕ್ಕೂ ಹೆಚ್ಚು ಕೆಲಸಗಳ ಪಟ್ಟಿ ಮಾಡಿ, ಇವುಗಳನ್ನು ಶಿಕ್ಷಕರು ದಿನನಿತ್ಯ ಮಾಡಬೇಕಾಗಿಲ್ಲ ಎಂದು ಬರೆದುಕೊಟ್ಟರು. ನಮ್ಮಲ್ಲಿ ಶಿಕ್ಷಕರು ಏನೇನು ಮಾಡಬೇಕೆಂಬ ಪಟ್ಟಿ ಪ್ರತಿ ವಾರ ಬೆಳೆಯುತ್ತದೆ, ಏನನ್ನು ಮಾಡಬೇಕಾಗಿಲ್ಲ ಎಂಬ ಪಟ್ಟಿಯನ್ನು ಇದುವರೆಗೆ ಶಾಲೆಯ ಗೋಡೆಯ ಮೇಲೆ ನಾವು ಕಂಡಿಲ್ಲ. 371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕೈಯಲ್ಲಿ ಹಣವಿದೆ. ಕಟ್ಟಡ ಕಟ್ಟುವಷ್ಟೇ ಉತ್ಸಾಹದಿಂದ ಪ್ರತಿ ಕ್ಲಸ್ಟರಿಗೆ ಒಬ್ಬ ಗುಮಾಸ್ತರನ್ನು ಕೊಡಲಿ. ಕಲ್ಲು ನೆಟ್ಟು ಉದ್ಘಾಟನೆ ಮಾಡಲು ಬರುವುದಿಲ್ಲ ಎಂಬ ಒಂದೇ ಕೊರತೆ ಅದಕ್ಕಿದೆ.

2027ರ ಜನಗಣತಿ ಇದೆ. ಅದು ಕಾಯಿದೆ ಒಪ್ಪಿದ ಕೆಲಸ, ಮಾಡಲೇಬೇಕು. ಹಾಗಿದ್ದ ಮೇಲೆ ಉಳಿದದ್ದನ್ನಾದರೂ ಈಗಲೇ ಇಳಿಸಿರಿ. ವಾರಕ್ಕೆ ಒಂದೇ ಸೂಚನಾಪತ್ರ ಬರಲಿ, ಶನಿವಾರ, ಒಂದೇ ಪುಟ, ಒಬ್ಬರದೇ ಸಹಿ. ಉರ್ದು ಶಾಲೆಗೆ ಉರ್ದುವಿನಲ್ಲೂ ಬರಲಿ. ಪಾಠದ ಹೊತ್ತಿನಲ್ಲಿ ಬಂದ ಯಾವ ಸಂದೇಶಕ್ಕೂ ಉತ್ತರ ಕೊಡದಿದ್ದರೆ ಅದು ತಪ್ಪಲ್ಲವೆಂದು ಉಪನಿರ್ದೇಶಕರು ಆದೇಶ ಹೊರಡಿಸಲಿ. ಆ ಪುಟದ ಕೆಳಗಿನ ಅರ್ಧ ಖಾಲಿ ಇರಲಿ, ಶಾಲೆಯವರು ಬರೆಯುವುದಕ್ಕೆ: ಈ ವಾರ ಯಾವ ಮಗು ಬರಲಿಲ್ಲ, ಯಾವ ಊರಿಗೆ ಹೋಯಿತು, ಯಾರ ಜೊತೆ, ಅದನ್ನು ಉಳಿಸಿಕೊಳ್ಳಲು ಏನು ಬೇಕಾಗಿತ್ತು. ಗುಳೆ ಹೋಗುವವರ ಮಕ್ಕಳಿಗೆ ಹಂಗಾಮಿನ ವಸತಿನಿಲಯ ನಡೆಸಲು ಸಮಗ್ರ ಶಿಕ್ಷಣದಲ್ಲಿ ಅವಕಾಶವಿದೆ. ಆ ಯಾದಿ ಮಹಾನವಮಿಗೆ ಮೊದಲೇ ಮೇಲೆ ಹೋದರೆ ವಸತಿನಿಲಯ ಸೀಗಿ ಹುಣ್ಣಿಮೆಯ ಹೊತ್ತಿಗೆ ತೆರೆದೀತು. ಸಂಕ್ರಾಂತಿಗೆ ಮಂಜೂರಾತಿ ಬಂದರೆ ಖಾಲಿ ಮಂಚಗಳನ್ನು ಎಣಿಸಿ ಫೋಟೋ ಕಳಿಸಬೇಕಾಗುತ್ತದೆ. ಅದಕ್ಕೆ ಮೇಲಿನವರ ಉತ್ತರ ಮುಂದಿನ ಶನಿವಾರದೊಳಗೆ ಲಿಖಿತವಾಗಿ ಬರಬೇಕು. ಬಾರದಿದ್ದರೆ ಮುಖ್ಯಗುರುಗಳು ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆಸಿ, ಪಾಲಕರ ಸಹಿ ಹಾಕಿಸಿ, ಅತೀ ಜರೂರು ಎಂದು ತಲೆಯ ಮೇಲೆ ಬರೆದು, ಬಿಇಓ ಕಚೇರಿಗೆ ನೆನಪೋಲೆ-1 ಕಳಿಸಲಿ. ಆ ಕಾಗದಕ್ಕೆ ಮೊದಲು ಸಹಿ ಹಾಕಲು ನಾವು ಸಿದ್ಧರಿದ್ದೇವೆ.